ದಿನಕ್ಕೆ 30 ಇಂಗ್ಲಿಷ್ ಪದ ಬರೆಯುತ್ತೇನೆ, ಮೂರನೇ ದಿನ ಒಂದೂ ನೆನಪಿರಲ್ಲ

ತಾಳಗುಪ್ಪ ರೈಲು:
ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಆನಂದಪುರದಲ್ಲಿ ರೈಲು ಹತ್ತಿ ಶಿವಮೊಗ್ಗಕ್ಕೆ ಕೋಚಿಂಗಿಗೆ ಹೋಗಿಬರುತ್ತೇನೆ. ಕೈಯಲ್ಲಿ ಕಷ್ಟದ ಪದಗಳ ನೋಟ್‌ಬುಕ್. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಕುಂಸಿ ದಾಟುವಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ. ಮೂರನೇ ದಿನ ತೆಗೆದರೆ ಬೇರೆ ಯಾರದೋ ನೋಟ್‌ಬುಕ್ ಅನ್ನಿಸುತ್ತದೆ.

ಮರೆವು ಹಾಗಿರಲಿ, ನೆನಪಿದ್ದ ಪದವೇ ಮಾನ ಕಳೆಯಿತು. ಹೋದ ತಿಂಗಳು ಒಂದು ಇಂಟರ್‌ವ್ಯೂನಲ್ಲಿ ನಿಮ್ಮೂರಿನ ಬಗ್ಗೆ ಹೇಳಿ ಅಂದರು. 'ನಮ್ಮ ಜೋಗ ವೆರಿ ನೊಟೋರಿಯಸ್' ಅಂದೆ. ನೋಟ್‌ಬುಕ್ಕಿನಲ್ಲಿ 'ನೊಟೋರಿಯಸ್ = ಪ್ರಸಿದ್ಧ' ಅಂತಲೇ ಇತ್ತು! ಅವರು ನಕ್ಕು, 'ಯಾಕಮ್ಮಾ, ಜೋಗ ಏನು ಕದ್ದಿದೆ?' ಅಂದರು. ನೀವೆಲ್ಲ ಹೇಗೆ ಕಲಿತಿರಿ?

ದುರ್ಗಿಗುಡಿ ರೂಮು:
30 ಜಾಸ್ತಿ ಆಯ್ತು. 8 ಸಾಕು. ಅದೇ 8ನ್ನು ಮರುದಿನ, ಮೂರನೇ ದಿನ, ವಾರ ಬಿಟ್ಟು, ಬಲಗಡೆ ಮುಚ್ಚಿಕೊಂಡು ಹೇಳಿ. ಸುಮ್ನೆ ಓದಿದರೆ ಬರುತ್ತೆ ಅನ್ನಿಸುತ್ತದೆ, ಅಷ್ಟೇ.

ತೀರ್ಥಹಳ್ಳಿಯ ಹಳೇ ಮೇಷ್ಟ್ರು:
ಮಗಳೇ, ತಪ್ಪು ಆ ಈಕ್ವಲ್ ಗುರುತಿನದು. ನೊಟೋರಿಯಸ್‌ಗೆ ನಮ್ಮಲ್ಲೇ ಪದ ಇದೆ, ಕುಖ್ಯಾತ. ಒಂಟಿ ಪದ ಬರೆಯಬೇಡ, ಜೊತೆಗೆ ಯಾರು ಬರುತ್ತಾರೆ ಅಂತಲೂ ಬರಿ. ಕಳ್ಳ ನೊಟೋರಿಯಸ್, ಜೋಗ ಫೇಮಸ್.

ಇನ್ನೊಂದು, ಅಡಿಕೆ ಸುಲಿದ ಹಾಗೆ ಪದವನ್ನೂ ಸುಲಿದು ನೋಡು. ಪ್ರೊಕ್ರಾಸ್ಟಿನೇಟ್ ಇದೆಯಲ್ಲ, ಕೆಲಸ ಮುಂದೂಡುವುದು, ಅದರೊಳಗಿನ 'ಕ್ರಾಸ್' ಅಂದರೆ ಲ್ಯಾಟಿನ್‌ನಲ್ಲಿ ನಾಳೆ. ಹಿಂದೆ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ವಾ? ದೆವ್ವಕ್ಕೂ ಪ್ರೊಕ್ರಾಸ್ಟಿನೇಟ್ ಮಾಡುವುದು ಕಲಿಸಿದವರು ನಾವು. ಒಳ್ಳೆಯದು ಬಯಸುವವರು ಬೆನೆವೊಲೆಂಟ್, ಕೆಟ್ಟದ್ದು ಬಯಸುವವರು ಮಲೆವೊಲೆಂಟ್. 'ಬೆನೆ' ಅಂದರೆ ಒಳ್ಳೆಯದಾಗಿ, 'ಮಲೆ' ಅಂದರೆ ಕೆಟ್ಟದಾಗಿ. ನಮ್ಮ ಮಲೆನಾಡಿನ ಮಲೆ ಅಲ್ಲ ಮಾರಾಯ್ತಿ, ಮತ್ತೆ ಇಂಟರ್‌ವ್ಯೂನಲ್ಲಿ ಹೇಳೀಯ!

ಆದರೆ ಬೇರು ಹಿಡಿದು ಹೊರಟರೆ ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಮೆಟಿಕ್ಯುಲಸ್‌ನ ಬೇರಿನಲ್ಲಿ ಇರುವುದು 'ಭಯ'. ಈಗ ಅದು ಸಣ್ಣಪುಟ್ಟದ್ದನ್ನೂ ಬಿಡದೆ ನೋಡುವವರಿಗೆ ಹೇಳುವ ಮಾತು. ಅದಕ್ಕೇ ನಿಮ್ಮ ಮನೆಯದೇ ಒಂದು ವಾಕ್ಯ ಮಾಡಿ ಬರಿ.

ತಾಳಗುಪ್ಪ ರೈಲು:
ಮಾಡಿದೆ ಮೇಷ್ಟ್ರೇ. ಮಳೆ ಹಿಡಿಯುವ ಮುಂಚೆ ಅಡಿಕೆ ಕೊನೆಗೆ (ಗೊನೆಗೆ) ಕೊಟ್ಟೆ, ಅಂದರೆ ಮಳೆ ತಾಗದ ಹೊದಿಕೆ, ಕಟ್ಟಿಸುವಾಗ ಅಪ್ಪ ಕೆಳಗೆ ನಿಂತು, 'ಆ ಎಡಗಡೆ ಕೊನೆ ಸಡಿಲ ಇದೆ, ಬಿಗಿ ಮಾಡೋ' ಅಂತ ಮರ ಮರಕ್ಕೂ ಕೂಗುತ್ತಾರೆ. ಮೈ ಫಾದರ್ ಈಸ್ ಮೆಟಿಕ್ಯುಲಸ್. ಸರಿನಾ?

ತೀರ್ಥಹಳ್ಳಿಯ ಹಳೇ ಮೇಷ್ಟ್ರು:
ಸರಿ. ಮರದ ಮೇಲೆ ಕೊಟ್ಟೆ ಕಟ್ಟುವ ಕೊನೆಗಾರ ನಿಮ್ಮ ಅಪ್ಪನಿಗೆ ಯಾವ ಪದ ಹೇಳುತ್ತಾನೋ, ಅದನ್ನು ಮುಂದಿನ ವಾರ ನೋಡೋಣ.