ಪ್ಲೇಆಫ್‌ಗೆ ಮುನ್ನ ಮುಖ್ಯ ಆಟಗಾರರನ್ನು ಹೊರಗೆ ಕೂರಿಸುವುದು ಸರಿಯೇ?

ಮೂರನೇ ಕ್ವಾರ್ಟರ್ (ಪ್ರಶ್ನೆ):

ಅಮೆರಿಕನ್ ಫುಟ್ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಲೀಗ್ ಹಂತ ಕೊನೆಯ ವಾರಕ್ಕೆ ಬಂತೆಂದರೆ ಪ್ರತಿವರ್ಷವೂ ಈ ಚರ್ಚೆ ಎದ್ದೇಳುತ್ತದೆ. ಪ್ಲೇಆಫ್ ಸ್ಥಾನವೂ ಶ್ರೇಯಾಂಕವೂ ಖಚಿತವಾಗಿರುವ ತಂಡವು, ಗೆದ್ದರೂ ಸೋತರೂ ಏನೂ ಬದಲಾಗದ ಪಂದ್ಯದಲ್ಲಿ ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿಯನ್ನು ನಡೆಸುವ ಆಟಗಾರ) ಮತ್ತಿತರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡಬೇಕೇ, ಅಥವಾ ಲಯ ತಪ್ಪದಂತೆ ಆಡಿಸಬೇಕೇ? 2019ರ ಋತುವಿನಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ ಕೊನೆಯ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಅವರನ್ನು ಆಡಿಸಲಿಲ್ಲ. ಹದಿನಾರರಲ್ಲಿ 14 ಪಂದ್ಯ ಗೆದ್ದಿದ್ದ ಆ ತಂಡ, ತನ್ನದೇ ಮೈದಾನದಲ್ಲಿ ಆರನೇ ಶ್ರೇಯಾಂಕದ ಟೆನ್ನೆಸ್ಸೀ ಟೈಟನ್ಸ್ ಎದುರು 28–12ರಿಂದ ಸೋತು ಹೊರಬಿತ್ತು. ಆದರೆ 2023ರ ಋತುವಿನ ಕೊನೆಯ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಕೂರಿಸಿದ ಕ್ಯಾನ್ಸಸ್ ಸಿಟಿ ಚೀಫ್ಸ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಎರಡು ತಂಡಗಳೂ ಮಾಡಿದ್ದು ಒಂದೇ ಕೆಲಸ, ಫಲ ಮಾತ್ರ ಬೇರೆ. ಇದರಿಂದ ಏನನ್ನು ತಿಳಿಯಬಹುದು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಅಂಕಣರೇಖೆ:

ಎರಡೂ ಒಂದೇ ಕೆಲಸವಲ್ಲ ಎನ್ನುವುದರಿಂದಲೇ ಆರಂಭಿಸಬೇಕು. 2019ರ ರೇವನ್ಸ್ ತಂಡಕ್ಕೆ ಮೊದಲ ಶ್ರೇಯಾಂಕ ಸಿಕ್ಕಿತ್ತಾದ್ದರಿಂದ ಪ್ಲೇಆಫ್‌ನ ಮೊದಲ ಸುತ್ತು ಆಡಬೇಕಾಗಿರಲಿಲ್ಲ. ಕೊನೆಯ ಪಂದ್ಯದ ವಿಶ್ರಾಂತಿಯ ಜೊತೆಗೆ ಈ ಬಿಡುವಿನ ವಾರವೂ ಸೇರಿ, ಡಿಸೆಂಬರ್ 22ರಂದು ಆಡಿದ್ದ ಜಾಕ್ಸನ್ ಮತ್ತೆ ಮೈದಾನಕ್ಕಿಳಿದದ್ದು ಜನವರಿ 11ರಂದು. 2023ರ ಚೀಫ್ಸ್ ತಂಡಕ್ಕೆ ಇದ್ದುದು ಮೂರನೇ ಶ್ರೇಯಾಂಕ. ಅದಕ್ಕೆ ಬಿಡುವಿನ ವಾರವಿರಲಿಲ್ಲ. ಮಹೋಮ್ಸ್ ಡಿಸೆಂಬರ್ 31ರಂದು ಆಡಿದವರು ಜನವರಿ 13ರಂದು ಮಯಾಮಿ ಎದುರು ಆಡಿದರು. ಮೊದಲನೆಯದು ಸುಮಾರು ಮೂರು ವಾರಗಳ ಅಂತರ, ಎರಡನೆಯದು ಎರಡು ವಾರಕ್ಕೂ ಕಡಿಮೆ. 2020ರ ಋತುವಿನಿಂದ ಪ್ರತಿ ಕಾನ್ಫರೆನ್ಸ್‌ನಿಂದ (ಲೀಗ್‌ನ ಎರಡು ಪಾಲುಗಳಲ್ಲಿ ಒಂದು) ಏಳು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ, ಬಿಡುವು ಸಿಗುವುದು ಮೊದಲ ಶ್ರೇಯಾಂಕಕ್ಕೆ ಮಾತ್ರ. ಹಾಗಾಗಿ ಲಯ ತಪ್ಪುವ ಭಯಕ್ಕೆ ನಿಜವಾದ ಆಧಾರವೇನಾದರೂ ಇದ್ದರೆ ಅದು ಮುಖ್ಯವಾಗಿ ಆ ಒಂದು ತಂಡಕ್ಕೆ ಅನ್ವಯಿಸುತ್ತದೆ. ಉಳಿದ ಆರು ತಂಡಗಳ ಮಟ್ಟಿಗೆ ಕೊನೆಯ ಪಂದ್ಯದ ವಿಶ್ರಾಂತಿಯೆಂದರೆ ಋತುವಿನ ನಡುವೆ ಎಲ್ಲರಿಗೂ ಸಿಗುವ ಬಿಡುವಿನ ವಾರದಂಥದ್ದೇ, ಅದಕ್ಕಿಂತ ಹೆಚ್ಚೇನಲ್ಲ.

ಹಾಗೆಂದು ಮೂರು ವಾರದ ಅಂತರ ತಂಡವನ್ನು ಕೆಡಿಸಿಯೇ ತೀರುತ್ತದೆ ಎನ್ನಲೂ ಆಗುವುದಿಲ್ಲ. ಅದೇ ರೇವನ್ಸ್, ಅದೇ ಕೋಚ್ ಜಾನ್ ಹಾರ್ಬಾ, 2023ರಲ್ಲಿ ಮತ್ತೆ ಮೊದಲ ಶ್ರೇಯಾಂಕ ಪಡೆದು ಜಾಕ್ಸನ್ ಅವರನ್ನು ಕೊನೆಯ ಪಂದ್ಯದಲ್ಲಿ ಕೂರಿಸಿದರು. ಬಿಡುವಿನ ಬಳಿಕ ಹ್ಯೂಸ್ಟನ್ ಎದುರಿನ ಪಂದ್ಯ ಮಧ್ಯಂತರದಲ್ಲಿ 10–10ರ ಸಮಬಲದಲ್ಲಿತ್ತು, ಮುಗಿದಾಗ 34–10. ಮೊದಲಾರ್ಧವನ್ನು ನೋಡಿದವರು ಲಯ ತಪ್ಪಿದೆ ಎಂದಿರಬಹುದು, ದ್ವಿತೀಯಾರ್ಧವನ್ನು ನೋಡಿದವರು ದಣಿವಾರಿದೆ ಎಂದಿರಬಹುದು. ಮರುವರ್ಷ ಮಹೋಮ್ಸ್ ಕ್ರಿಸ್ಮಸ್ ದಿನದಿಂದ ಜನವರಿ 18ರವರೆಗೆ ಆಡದೆ ಇದ್ದು ಬಂದರೂ ಚೀಫ್ಸ್ 23–14ರಿಂದ ಗೆದ್ದಿತು. ಬೆರಳೆಣಿಕೆಯ ಪಂದ್ಯಗಳನ್ನು ಹಿಡಿದುಕೊಂಡು, ಸೋತಾಗ ವಿಶ್ರಾಂತಿಯನ್ನು ದೂರುವುದು, ಗೆದ್ದಾಗ ಅದನ್ನೇ ಹೊಗಳುವುದು ನಮ್ಮ ಅಭ್ಯಾಸವಾಗಿಬಿಟ್ಟಿದೆ.

ಕೋಚ್ ನಿಜವಾಗಿ ತೂಗುವುದು ಬೇರೆ ಎರಡು ಸಂಗತಿಗಳನ್ನು. ಗಾಯವಾದರೆ ಆಗುವ ನಷ್ಟವನ್ನು ಆ ಋತುವಿನಲ್ಲಿ ತುಂಬಿಕೊಳ್ಳಲಾಗದು. ಲಯ ಸ್ವಲ್ಪ ತಪ್ಪಿದ್ದರೆ ಅದನ್ನು ಅಭ್ಯಾಸದಲ್ಲೋ ಪಂದ್ಯದ ಮೊದಲ ಕೆಲವು ಸರದಿಗಳಲ್ಲೋ ಮರಳಿ ಪಡೆಯಬಹುದು. ಈ ಅಸಮತೋಲನ ಇರುವವರೆಗೆ, ಶ್ರೇಯಾಂಕ ಬದಲಾಗದ ಪಂದ್ಯದಲ್ಲಿ ವಿಶ್ರಾಂತಿಯೇ ಸಹಜವಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಬೆಂಚಿನ ಕೊನೆಯವ:

ಅಂಕಣರೇಖೆಯವರ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಗಾಯದ ವಿಷಯದಲ್ಲಿ ಒಂದು ಉದಾಹರಣೆಯನ್ನು ಸೇರಿಸಬೇಕು. 2010ರ ಜನವರಿ 3ರಂದು, ತನ್ನ ವಿಭಾಗವನ್ನು ಆಗಲೇ ಗೆದ್ದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವ ಆಟಗಾರ) ವೆಸ್ ವೆಲ್ಕರ್ ಹ್ಯೂಸ್ಟನ್ ವಿರುದ್ಧದ ಕೊನೆಯ ಲೀಗ್ ಪಂದ್ಯದಲ್ಲಿ ಚೆಂಡು ಹಿಡಿದು ತಿರುಗುವಾಗ ಮಂಡಿಯ ಅಸ್ಥಿರಜ್ಜುಗಳನ್ನು ಹರಿದುಕೊಂಡರು. ಅದು ನಡೆದದ್ದು ಮೊದಲ ಕ್ವಾರ್ಟರ್‌ನಲ್ಲೇ. ಮುಂದಿನ ವಾರ ಪೇಟ್ರಿಯಟ್ಸ್ ಸ್ವಂತ ಮೈದಾನದಲ್ಲಿ ಬಾಲ್ಟಿಮೋರ್ ಎದುರು 33–14ರಿಂದ ಸೋತಿತು. ‘ಒಂದೆರಡು ಸರದಿ ಆಡಿಸಿ ಆಮೇಲೆ ಕೂರಿಸೋಣ’ ಎಂಬ ನಡುದಾರಿಯನ್ನು ಜಾಣತನವೆಂದು ಹೇಳುವವರು ಇದನ್ನು ನೆನೆಯಬೇಕು. ಆ ನಡುದಾರಿಯಲ್ಲಿ ಅಪಾಯ ಪೂರ್ತಿ ತಪ್ಪುವುದಿಲ್ಲ, ಲಯವೂ ಪೂರ್ತಿ ಸಿಗುವುದಿಲ್ಲ.

ಎಲ್ಲರನ್ನೂ ಕೂರಿಸಲು ಸಾಧ್ಯವಿಲ್ಲ ಎಂಬ ಮಾತೂ ಚರ್ಚೆಯಲ್ಲಿ ಮರೆತುಹೋಗುತ್ತದೆ. ತಂಡದ ಪಟ್ಟಿಯಲ್ಲಿರುವವರು 53 ಮಂದಿ, ಪಂದ್ಯದ ದಿನ ಕಣದಲ್ಲಿರಬಹುದಾದವರು ಹೆಚ್ಚೆಂದರೆ 48. ಅಭ್ಯಾಸ ತಂಡದಿಂದ ಇಬ್ಬರನ್ನು ಮೇಲಕ್ಕೆ ತಂದುಕೊಂಡರೂ, ದಾಳಿ ಮತ್ತು ರಕ್ಷಣೆಯ 22 ಆರಂಭಿಕ ಆಟಗಾರರಲ್ಲಿ ಕೆಲವರನ್ನಷ್ಟೇ ಪೂರ್ತಿಯಾಗಿ ಹೊರಗಿಡಬಹುದು. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳಿಗೆ ಬದಲಿಯಾಗಿ ಕಣದಲ್ಲಿರುವವರು ಮೂರ್ನಾಲ್ಕು ಮಂದಿ ಮಾತ್ರ. ಆದ್ದರಿಂದ ‘ಚೀಫ್ಸ್ ಎಲ್ಲರಿಗೂ ವಿಶ್ರಾಂತಿ ಕೊಟ್ಟಿತು’ ಎಂಬ ಶೀರ್ಷಿಕೆಯ ಹಿಂದೆ, ಹೆಸರು ಕೇಳಿರದ ಹಲವು ಆರಂಭಿಕ ಆಟಗಾರರು ಅರವತ್ತು ನಿಮಿಷವೂ ಬೆವರು ಹರಿಸಿರುತ್ತಾರೆ. ಯಾರಿಗೆ ವಿಶ್ರಾಂತಿ ಎಂದು ಆರಿಸುವುದರಲ್ಲೇ ಕೋಚ್‌ನ ವಿವೇಕ ಕಾಣುವುದು: ಮೊದಲೇ ಪಾದವೋ ಭುಜವೋ ನೋಯುತ್ತಿರುವವರು, ಆಮೇಲೆ ಬದಲಿಯೇ ಇಲ್ಲದವರು.

ನಾಲ್ಕನೇ ಡೌನ್:

ಇಬ್ಬರೂ ಒಂದೇ ತಂಡದ ಹಿತವನ್ನು ನೋಡುತ್ತಿದ್ದೀರಿ. ಮೂರನೆಯ ತಂಡದ ಪಾಡೇನು? 2024ರ ಋತುವಿನ ಕೊನೆಯಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಸತತ ಐದು ಪಂದ್ಯ ಗೆದ್ದು, ಡೆನ್ವರ್ ಸೋಲಲೆಂದು ಕಾದು ಕುಳಿತಿತ್ತು. ಡೆನ್ವರ್‌ಗೆ ಎದುರಾದದ್ದು ಮುಖ್ಯ ಆಟಗಾರರಿಲ್ಲದ ಚೀಫ್ಸ್. ಫಲಿತಾಂಶ 38–0, ಸಿನ್ಸಿನಾಟಿ ಹೊರಕ್ಕೆ. 2009ರಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ಮೊದಲ 14 ಪಂದ್ಯಗಳನ್ನೂ ಗೆದ್ದಿದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್, ನ್ಯೂಯಾರ್ಕ್ ಜೆಟ್ಸ್ ವಿರುದ್ಧ 15–10ರಿಂದ ಮುಂದಿದ್ದಾಗ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರನ್ನು ಹೊರಗೆ ಕರೆದು 29–15ರಿಂದ ಸೋತಿತು. ಆ ಗೆಲುವಿನ ಬಲದಿಂದ ಪ್ಲೇಆಫ್ ಸೇರಿದ ಜೆಟ್ಸ್, ಕಾನ್ಫರೆನ್ಸ್ ಫೈನಲ್‌ನಲ್ಲಿ ಅದೇ ಕೋಲ್ಟ್ಸ್ ಎದುರು ಬಂದು ನಿಂತಿತು. ಕೋಲ್ಟ್ಸ್ ಅಲ್ಲಿ 30–17ರಿಂದ ಗೆದ್ದರೂ ಸೂಪರ್ ಬೌಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಸೋತಿತು. ಅಜೇಯ ಋತುವೂ ಇಲ್ಲ, ಪ್ರಶಸ್ತಿಯೂ ಇಲ್ಲ. ಮರುವರ್ಷದಿಂದ ಲೀಗ್ ಕೊನೆಯ ವಾರದ ಪಂದ್ಯಗಳನ್ನೆಲ್ಲ ಒಂದೇ ವಿಭಾಗದ ತಂಡಗಳ ನಡುವೆ ಇರಿಸತೊಡಗಿತು. ಅದರಿಂದ ನಿಸ್ಸಾರ ಪಂದ್ಯಗಳು ಕಡಿಮೆಯಾದವು, ಇಲ್ಲವಾಗಲಿಲ್ಲ.

ಕಾಲ್ಚೆಂಡಿನ ಫುಟ್ಬಾಲ್‌ನಲ್ಲಿ ಇದಕ್ಕೆ ದಂಡವೂ ಉಂಟು. 2017ರ ಏಪ್ರಿಲ್ ಕೊನೆಯಲ್ಲಿ, ಪ್ಲೇಆಫ್ ಖಚಿತವಾಗಿದ್ದ ಹಡರ್ಸ್‌ಫೀಲ್ಡ್ ಟೌನ್ ಹತ್ತು ಬದಲಾವಣೆಗಳೊಂದಿಗೆ ಬರ್ಮಿಂಗ್‌ಹ್ಯಾಮ್ ಸಿಟಿ ಎದುರು ಆಡಿ 2–0ರಿಂದ ಸೋತಿತು. ಬರ್ಮಿಂಗ್‌ಹ್ಯಾಮ್ ಆಗ ಕೆಳಗಿನ ಹಂತಕ್ಕೆ ಜಾರದಿರಲು ಹೆಣಗುತ್ತಿತ್ತು. ಇಂಗ್ಲಿಷ್ ಫುಟ್ಬಾಲ್ ಲೀಗ್ ಹಡರ್ಸ್‌ಫೀಲ್ಡ್‌ಗೆ ದಂಡ ಹಾಕಿತು. ಆ ತಂಡವೋ ವೆಂಬ್ಲಿಯಲ್ಲಿ ರೆಡಿಂಗ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಪ್ರೀಮಿಯರ್ ಲೀಗ್‌ಗೆ ಏರಿತು! ಪ್ರೀಮಿಯರ್ ಲೀಗ್‌ನಿಂದ ಬರುವ ಆದಾಯದ ಮುಂದೆ ಅಂಥ ದಂಡಕ್ಕೆ ಯಾವ ಕ್ಲಬ್ ತಾನೇ ಅಂಜೀತು?

ಮೂರನೇ ಕ್ವಾರ್ಟರ್:

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂಶಯ. ವೈಯಕ್ತಿಕ ದಾಖಲೆ ಕೈಗೆಟುಕುವಷ್ಟು ಹತ್ತಿರವಿದ್ದಾಗಲೂ ಆಟಗಾರನನ್ನು ಕೂರಿಸುವುದು ನ್ಯಾಯವೇ?

ಅಂಕಣರೇಖೆ:

ತಾವು ಸೇಕ್ವಾನ್ ಬಾರ್ಕ್ಲಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿರಬಹುದು. 2024ರಲ್ಲಿ ಅವರು 16 ಪಂದ್ಯಗಳಲ್ಲಿ ಚೆಂಡು ಹೊತ್ತು 2,005 ಯಾರ್ಡ್ ಓಡಿದ್ದರು. 1984ರಲ್ಲಿ ಎರಿಕ್ ಡಿಕರ್ಸನ್ ಸ್ಥಾಪಿಸಿದ 2,105 ಯಾರ್ಡ್‌ಗಳ ದಾಖಲೆಯನ್ನು ಮುರಿಯಲು ಕೊನೆಯ ಪಂದ್ಯದಲ್ಲಿ 101 ಯಾರ್ಡ್ ಬೇಕಿತ್ತು. ಫಿಲಡೆಲ್ಫಿಯಾ ಈಗಲ್ಸ್‌ಗೆ ಎರಡನೇ ಶ್ರೇಯಾಂಕ ಖಚಿತವಾಗಿದ್ದರಿಂದ ಕೋಚ್ ನಿಕ್ ಸಿರಿಯಾನಿ ಅವರನ್ನು ಆಡಿಸಲಿಲ್ಲ. ಮುಂದಿನ ನಾಲ್ಕು ಪ್ಲೇಆಫ್ ಪಂದ್ಯಗಳಲ್ಲಿ ಅವರು 499 ಯಾರ್ಡ್ ಓಡಿದರು, ಈಗಲ್ಸ್ 40–22ರಿಂದ ಸೂಪರ್ ಬೌಲ್ ಗೆದ್ದಿತು. ಮೇಲೆ ನಾನೇ ಹೇಳಿದಂತೆ ಫಲಿತಾಂಶವನ್ನು ನೋಡಿ ನಿರ್ಧಾರವನ್ನು ಅಳೆಯಬಾರದು. ಬಾರ್ಕ್ಲಿ ಆ ಪಂದ್ಯದಲ್ಲಿ ಆಡಿದ್ದರೂ ಇದೇ ಫಲ ಬರುತ್ತಿತ್ತೇನೋ. ಆದರೆ ಒಂದೇ ಋತುವಿನಲ್ಲಿ ಅಷ್ಟು ಬಾರಿ ಚೆಂಡು ಹೊತ್ತು, ಅಷ್ಟು ಬಾರಿ ನೆಲಕ್ಕೆ ಬಿದ್ದ ದೇಹಕ್ಕೆ ಒಂದು ವಾರದ ಬಿಡುವು ಎಷ್ಟು ದೊಡ್ಡದೆಂಬುದನ್ನು ತಿಳಿಯಲು ಫಲಿತಾಂಶವನ್ನು ಕಾಯಬೇಕಿರಲಿಲ್ಲ. ಇದಕ್ಕಿಂತ ಭಿನ್ನವಾದದ್ದು, ನಿರ್ಧಾರ ನಿಜವಾಗಿ ಕಷ್ಟವಾಗುವುದು, ಒಪ್ಪಂದದಲ್ಲಿ ಇಂತಿಷ್ಟು ಯಾರ್ಡ್ ಅಥವಾ ಇಂತಿಷ್ಟು ಕ್ಯಾಚ್‌ಗೆ ಬೋನಸ್ ಇದ್ದು, ಅದಕ್ಕೆ ಸ್ವಲ್ಪವೇ ಕಡಿಮೆ ಇರುವ ಸಾಮಾನ್ಯ ಆಟಗಾರನ ಸ್ಥಿತಿ. ಅವನನ್ನು ಕೂರಿಸಿದರೆ ಹೋಗುವುದು ಕೀರ್ತಿಯಲ್ಲ, ಸಂಪಾದನೆ.

ಬೆಂಚಿನ ಕೊನೆಯವ:

ಅಂಥವನ ವಿಷಯದಲ್ಲಿ ಕ್ಲಬ್ ಬೋನಸ್ ಹಣವನ್ನು ಕೊಟ್ಟೇ ಕೂರಿಸಲಿ ಎನ್ನುತ್ತೇನೆ. ವಿಶ್ರಾಂತಿಯ ಲಾಭ ತಂಡಕ್ಕೆ ಹೋಗುವಾಗ ನಷ್ಟ ಒಬ್ಬನ ತಲೆಯ ಮೇಲೆ ಬೀಳುವುದು ಸರಿಯಲ್ಲ.

ನಾಲ್ಕನೇ ಡೌನ್:

ವಿಶ್ರಾಂತಿಯೇ ಸಹಜ ಎನ್ನುವವರ ಮುಂದೆ 2007ರ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನೂ ಇಡಬೇಕು. ಪ್ಲೇಆಫ್ ಸ್ಥಾನ ಖಚಿತವಿದ್ದರೂ, ಅಜೇಯವಾಗಿದ್ದ ಪೇಟ್ರಿಯಟ್ಸ್ ಎದುರು ಅದು ಪೂರ್ಣ ಬಲದಿಂದ ಆಡಿ 38–35ರಿಂದ ಸೋತಿತು, ಕೆಲವರು ಗಾಯಗೊಂಡರು. ಐದು ವಾರಗಳ ಬಳಿಕ ಸೂಪರ್ ಬೌಲ್‌ನಲ್ಲಿ ಅದೇ ಪೇಟ್ರಿಯಟ್ಸ್ ಅನ್ನು 17–14ರಿಂದ ಸೋಲಿಸಿತು. ಬಲಿಷ್ಠ ಎದುರಾಳಿಯ ಜೊತೆ ಸರಿಸಮನಾಗಿ ನಿಲ್ಲಬಲ್ಲೆವೆಂಬ ಅರಿವು ಆ ಸೋಲಿನಿಂದ ಸಿಕ್ಕಿತೋ ಇಲ್ಲವೋ, ಲೆಕ್ಕ ಹಾಕಿ ತೋರಿಸಲಾಗದು. ಅಂಕಣರೇಖೆಯವರ ತಕ್ಕಡಿಯಲ್ಲಿ ಅದಕ್ಕೆ ಜಾಗವಿಲ್ಲ ಎಂಬುದಷ್ಟೇ ನನ್ನ ತಕರಾರು.