ನಮ್ಮ ಶನಿವಾರದ ಸೈಫೈ (ವಿಜ್ಞಾನ ಕಥೆ) ಕೂಟ ಕ್ಲಾಸ್‌ರೂಮ್ ಆಗ್ತಿದೆ, ಮೊದಲಿನ ಹಾಗೆ ಮಾಡೋದು ಹೇಗೆ?

ಮಾಳಿಗೆ ಮನೆ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

2023ರ ಆಗಸ್ಟ್ 23. ಚಂದ್ರಯಾನ-3 ಇಳಿಯೋದನ್ನು ಒಟ್ಟಿಗೆ ನೋಡೋಣ ಅಂತ ನವನಗರದ ನಮ್ಮ ಓಣಿಯವರು ಆರೇಳು ಜನ ನಮ್ಮ ಮನೆಗೆ ಬಂದಿದ್ದರು. ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಕಾಲೂರಿತು. ಚಪ್ಪಾಳೆ, ಸೀಟಿ, ಪೇಢೆ ಎಲ್ಲ ಆಯ್ತು. ಆದರೆ ಯಾರೂ ಎದ್ದು ಹೋಗಲಿಲ್ಲ. "ಅಲ್ಲಿ ಮೊದಲೇ ಯಾರಾದ್ರೂ ಬಂದು ಕೂತಿದ್ರೆ?" ಅಂತ ನನ್ನ ಮಗಳು ಕೇಳಿದಳು. ಆಗ ಅವಳಿಗೆ ಒಂಬತ್ತು ವರ್ಷ. ಆ ಒಂದು ಪ್ರಶ್ನೆ ಹಿಡಿದು ರಾತ್ರಿ ಹತ್ತರವರೆಗೆ ಮಾತಾಡಿದೆವು. ಅಲ್ಲಿಂದ ಪ್ರತಿ ಶನಿವಾರ ಸಂಜೆ ಆರಕ್ಕೆ ಮಾಳಿಗೆ ಮೇಲೆ ಜಮಖಾನ ಹಾಸುತ್ತೇವೆ.

ಬರುವವರು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಮೇಡಂ, ಝೆರಾಕ್ಸ್ ಅಂಗಡಿಯವರು, ಬ್ಯಾಂಕಿನ ಕ್ಯಾಶಿಯರ್, ಒಬ್ಬ ಬಿ.ಎಸ್ಸಿ ಹುಡುಗ, ನಮ್ಮ ಟೇಲರ್ ಕಾಕಾ. ಗಿರಮಿಟ್, ಮಿರ್ಚಿ, ಚಹಾ ಸರದಿ ಪ್ರಕಾರ. ನಿಯಮ ಒಂದೇ. ಯಾರು ಕಥೆ ಹೇಳಿದರೂ ಅದರಲ್ಲಿ ಒಂದೇ ಒಂದು ಸುಳ್ಳು ಇರಬಹುದು, ಉಳಿದದ್ದೆಲ್ಲ ನಿಜವಾಗಿಯೂ ನಡೆಯುವಂಥದ್ದೇ ಆಗಿರಬೇಕು. ಸುಳ್ಳು ಎರಡಾದರೆ ಮುಂದಿನ ವಾರದ ಮಿರ್ಚಿ ಅವರ ಲೆಕ್ಕಕ್ಕೆ.

ಒಂದು ಸಲ ಝೆರಾಕ್ಸ್ ಅಂಗಡಿಯವರು ಮಂಗಳ ಗ್ರಹದಲ್ಲಿ ಮಿರ್ಚಿ ಗಾಡಿ ಇಟ್ಟರು. ಅವರ ಸುಳ್ಳು: ಅಲ್ಲಿ ಕಡಲೆ ಬೆಳೆಯುತ್ತದೆ. ಮೇಡಂ ಕೈಯಲ್ಲಿದ್ದ ಬಿಸಿ ಮಿರ್ಚಿಯನ್ನು ಮುರಿದು ತೋರಿಸಿದರು. "ಬಾಣಲೆಯಲ್ಲಿ ಏಳೋ ಗುಳ್ಳೆ ಎಣ್ಣೇದಲ್ರೀ, ಹಿಟ್ಟಿನಾಗಿನ ನೀರಿಂದು. ಮಂಗಳದ ಗಾಳಿ ಒತ್ತಡ ನಮ್ಮ ನೂರರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿ ನೀರು ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಕುದೀತದ. ಕಲಸಿದ ಹಿಟ್ಟು ಎಣ್ಣೆಗೆ ಬೀಳೋಕ್ಕಿಂತ ಮೊದಲೇ ಬುಸ್ ಅಂತ ಉಬ್ಬಿ ಒಣಗತದ." ಹಾಗಾಗಿ ಗಾಡಿಯನ್ನು ಗಾಳಿ ತುಂಬಿದ ಗುಮ್ಮಟದೊಳಗೆ ಸಾಗಿಸಿದೆವು. ಆಮೇಲೆ ಪ್ಲೇಟಿಗೆ ಎಷ್ಟು ಅಂತ ಕ್ಯಾಶಿಯರ್ ಲೆಕ್ಕ ಹಾಕಲು ಕೂತರು. ಅವತ್ತು ನಕ್ಕಷ್ಟು ನಾನು ಆ ವರ್ಷ ಎಲ್ಲೂ ನಕ್ಕಿಲ್ಲ.

ಈಗ ಕಷ್ಟ ಏನೆಂದರೆ, ಎರಡು ತಿಂಗಳ ಹಿಂದೆ ಇಬ್ಬರು ಇಂಜಿನಿಯರಿಂಗ್ ಹುಡುಗರು ಸೇರಿಕೊಂಡರು. ಒಳ್ಳೆಯ ಹುಡುಗರು, ಚೆನ್ನಾಗಿ ಓದಿಕೊಂಡಿದ್ದಾರೆ. ಆದರೆ ಲ್ಯಾಪ್‌ಟಾಪ್ ತೆರೆದರೆ ಒಂದು ಗಂಟೆ ಪಾಠ. ಕಥೆಗೆ ಜಾಗವೇ ಇಲ್ಲ. ಕಾಕಾ ಮೂರು ವಾರದಿಂದ ಒಂದು ಮಾತೂ ಆಡಿಲ್ಲ, ಹೋದ ಶನಿವಾರ ಬರಲೇ ಇಲ್ಲ. ಮಗಳು ಕೆಳಗೆ ಟಿವಿ ಮುಂದೆ ಕೂರುತ್ತಾಳೆ. ಹುಡುಗರ ಮನಸ್ಸು ನೋಯಬಾರದು, ಕಾಕಾ ವಾಪಸ್ ಬರಬೇಕು. ಇಂಥ ಕೂಟ ನಡೆಸಿದವರು ಯಾರಾದ್ರೂ ಇದ್ದರೆ ಹೇಳಿ.

ಗುಮ್ಮಟದ ನೆರಳು, ವಿಜಯಪುರ:

ಹುಡುಗರನ್ನು ಸುಮ್ಮನಾಗಿಸಬೇಡಿ, ಅವರಿಗೆ ಕೆಲಸ ಕೊಡಿ.

ನಾವು ಗೆಳತಿಯರು ನಾಲ್ಕು ಜನ ಆಗಾಗ ಬೆಳಗ್ಗೆ ಬೇಗ ಗೋಳಗುಮ್ಮಟ ಹತ್ತುತ್ತೇವೆ, ಜನ ಬರುವ ಮೊದಲು. ಜಾಸ್ತಿ ಜನ ಇದ್ದರೆ ಬರೀ ಕೂಗಾಟ, ಏನೂ ಕೇಳಿಸಲ್ಲ. ಖಾಲಿ ಇದ್ದಾಗ ಆ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಈ ಕಡೆ ಕಿವಿಯಲ್ಲೇ ಹೇಳಿದ ಹಾಗಿರುತ್ತದೆ. ನಮ್ಮ ಆಟ ಹುಟ್ಟಿದ್ದೇ ಅಲ್ಲಿ. ಪಿಸುಮಾತು ಆ ಕಡೆ ಮುಟ್ಟಲು ಅರೆ ಸೆಕೆಂಡೂ ಬೇಡ. ಅದೇ ಮಂಗಳಕ್ಕೆ ರೇಡಿಯೋದಲ್ಲಿ ಒಂದು ಮಾತು ಹೇಳಿದರೆ? ಗ್ರಹ ಹತ್ತಿರ ಇದ್ದಾಗ ಸುಮಾರು 3 ನಿಮಿಷ, ದೂರ ಇದ್ದಾಗ ಸುಮಾರು 22 ನಿಮಿಷ. ಅದು ಹೋಗಲು ಮಾತ್ರ. ಉತ್ತರ ಬರಲು ಮತ್ತೆ ಅಷ್ಟೇ.

ಹೀಗೆ ಮಾಡಿ. ಹುಡುಗರಿಬ್ಬರನ್ನು ಲ್ಯಾಪ್‌ಟಾಪ್ ಸಮೇತ ಕೆಳಗಿನ ಕೋಣೆಗೆ ಕಳಿಸಿ. ಅದು ಮಂಗಳ. ಮಾಳಿಗೆ ಭೂಮಿ. ಮಾತಿಲ್ಲ, ಫೋನಿಲ್ಲ, ಚೀಟಿ ಮಾತ್ರ. ನಿಮ್ಮ ಮಗಳೇ ರೇಡಿಯೋ ಅಲೆ. ಪ್ರತಿ ಚೀಟಿ ಹಿಡಿದು ಮೆಟ್ಟಿಲ ಮೇಲೆ 3 ನಿಮಿಷ ಕಾದು ಆಮೇಲೆ ಕೊಡಬೇಕು. ಒಂದು ಚೀಟಿಯಲ್ಲಿ ಎರಡೇ ಸಾಲು. ಓದಿಕೊಂಡ ಹುಡುಗರಿಗೆ ಎರಡು ಸಾಲಿನಲ್ಲಿ ಹೇಳೋದು ಬಂತೆಂದರೆ ಅವರಷ್ಟು ಒಳ್ಳೆಯ ಜೊತೆಗಾರರು ಬೇರೆ ಸಿಗಲ್ಲ.

ಕುಂದಾ ಡಬ್ಬಿ, ಬೆಳಗಾವಿ:

ವಾರವಾರ ಸೇರೋದನ್ನು ಮಾತ್ರ ಬಿಡಬೇಡಿ. ತಿಂಗಳಿಗೊಮ್ಮೆ ಅಂದರೆ ಮುಗೀತು, ಒಂದು ತಪ್ಪಿದರೆ ಎರಡು ತಿಂಗಳು ಹೋಗುತ್ತೆ. ಲಾಸ್ ಏಂಜಲೀಸ್‌ನಲ್ಲಿ 1934ರಲ್ಲಿ ಶುರುವಾದ ಒಂದು ಸೈಫೈ ಸಂಘ ಇದೆ, ಪ್ರತಿ ಗುರುವಾರ ಸೇರುವ ಪದ್ಧತಿ ಇಟ್ಟುಕೊಂಡು ತಲೆಮಾರುಗಳನ್ನು ದಾಟಿದೆ. ಮೊದಲ ವರ್ಷಗಳಲ್ಲಿ ಅವರು ಸೇರುತ್ತಿದ್ದದ್ದು ಕ್ಲಿಫ್ಟನ್ಸ್ ಅನ್ನುವ ಊಟದ ಹೋಟೆಲಿನಲ್ಲಿ. ಮುಂದೆ ದೊಡ್ಡ ಸೈಫೈ ಲೇಖಕನಾದ ರೇ ಬ್ರಾಡ್ಬರಿ ಅಲ್ಲಿಗೆ ಬಂದಾಗ ಇನ್ನೂ ಹೈಸ್ಕೂಲ್ ಹುಡುಗ.

ಅವರ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಹೋದ ವಾರ ಏನಾಯ್ತು ಅಂತ ಬರೆದಿಟ್ಟು ಈ ವಾರ ಎಲ್ಲರ ಮುಂದೆ ಓದುತ್ತಾರೆ. ನೀವೂ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ, ಮಗಳ ಕೈಗೆ ಕೊಡಿ. ಯಾರು ಏನು ಹೇಳಿದರು, ಯಾರ ಸುಳ್ಳು ಎರಡಾಯ್ತು, ಮಿರ್ಚಿ ಎಷ್ಟು ಉಳಿಯಿತು, ಎಲ್ಲ ಬರೀಲಿ. ತನ್ನ ಮಾತನ್ನು ಇನ್ನೊಬ್ಬರು ಬರೆದು ಓದುತ್ತಾರೆ ಅಂದರೆ ಕಾಕಾನೂ ತಪ್ಪಿಸಲ್ಲ ನೋಡಿ.

ಹಳೆ ಪ್ಯಾಟಿಯವ, ಬಾಗಲಕೋಟೆ:

ಕಾಕಾ ಅಂದಿರಲ್ಲ, ಅವರು ಹಳೆ ಊರಿನವರಾ? ಮುಳುಗಡೆಯಲ್ಲಿ ಅಂಗಡಿ ಹೋದವರಾ? ಹಾಗಿದ್ದರೆ ಒಂದು ಮಾತು ಹೇಳ್ತೀನಿ.

ಆಲಮಟ್ಟಿ ಹಿನ್ನೀರು ಬರುತ್ತೆ ಅಂತ ಆದಾಗ ನಾವು ಮನೆ ಖಾಲಿ ಮಾಡಿದೆವು. ನಮ್ಮಪ್ಪ ಬಾಗಿಲ ಚೌಕಟ್ಟನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ನವನಗರದಲ್ಲಿ ಆಗ ಸೆಕ್ಟರ್ ನಂಬರ್ ಇತ್ತು, ನೆರಳು ಇರಲಿಲ್ಲ. ಗಿಡ ಇಲ್ಲ, ಗುಡಿ ಇಲ್ಲ, ಪಕ್ಕದ ಮನೆಯವರು ಯಾರು ಗೊತ್ತಿಲ್ಲ. ಅಮ್ಮ ಮೊದಲ ದಿನ ಕೇಳಿದ್ದು, "ಇಲ್ಲಿ ಹಾಲು ಹಾಕೋರು ಯಾರು?" ಅಂತ. ಬೇರೆ ಗ್ರಹಕ್ಕೆ ಹೋಗಿ ಊರು ಕಟ್ಟುವ ಕಥೆ ಓದಿದಾಗೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ. ಈ ವಿಷಯ ನಮ್ಮೂರಿನ ಹಿರಿಯರಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿಲ್ಲ.

ಕಾಕಾಗೆ ವಿಜ್ಞಾನ ಕೇಳಬೇಡಿ, ಅವರ ಕೆಲಸ ಕೇಳಿ. ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಮೆಸೇಜ್ ಕಳಿಸಿ ಸುಮ್ಮನಾಗಬೇಡಿ.

ಮಾಳಿಗೆ ಮನೆ, ಬಾಗಲಕೋಟೆ:

ಮೂವರಿಗೂ ಕೈಮುಗಿದು ಧನ್ಯವಾದ. ನಿನ್ನೆಯ ಶನಿವಾರದ ವರದಿ ಕೊಡ್ತೀನಿ.

ಹೌದು, ಕಾಕಾ ಹಳೆ ಊರಿನವರೇ. ಶುಕ್ರವಾರ ಅಂಗಡಿಗೆ ಹೋಗಿ, "ಕಾಕಾ, ಮಂಗಳಕ್ಕೆ ಹೊರಟವನಿಗೆ ಒಂದು ಪ್ಯಾಂಟ್ ಹೊಲೀಬೇಕು, ಬರ್ತೀರಾ?" ಅಂದೆ. ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. "ಅಳತಿ ಯಾರು ಕೊಡ್ತಾರ?" ಅಂದರು. ಶನಿವಾರ ಆರಕ್ಕೆ ಹತ್ತು ನಿಮಿಷ ಇರುವಾಗಲೇ ಕೊರಳಲ್ಲಿ ಟೇಪು ಹಾಕಿಕೊಂಡು ಬಂದರು.

ಹುಡುಗರು ಖುಷಿಯಿಂದ ಕೆಳಗೆ ಇಳಿದರು. ಅವರ ಕೋಣೆ ಮಂಗಳಕ್ಕೆ ಹೊರಟ ನೌಕೆ ಅಂತ ಆಯ್ತು. ಕಾಕಾನ ಮೊದಲ ಚೀಟಿ: "ಸೊಂಟ, ಉದ್ದ, ತೊಡೆ ಕಳಿಸ್ರಿ." ಮಗಳು ಗಡಿಯಾರ ನೋಡುತ್ತಾ ಮೆಟ್ಟಿಲ ಮೇಲೆ ಕೂತಳು. ಹೋಗಿ ಬರುವಷ್ಟರಲ್ಲಿ ಆರು ನಿಮಿಷದ ಮೇಲಾಯ್ತು. ಉತ್ತರ ಎರಡೇ ಸಾಲು: "ಇಲ್ಲಿ ತೂಕವಿಲ್ಲ, ಬೆನ್ನುಮೂಳೆ ಹಿಗ್ಗಿ ಎತ್ತರ ನೂರಕ್ಕೆ 3ರವರೆಗೂ ಜಾಸ್ತಿ ಆಗಬಹುದು. ಕಾಲಿನ ನೀರು ಮೇಲಕ್ಕೇರಿ ತೊಡೆ ಸಣ್ಣ, ಮುಖ ದಪ್ಪ."

ಕಾಕಾ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಚಾಕ್ ತೆಗೆದು ಜಮಖಾನದ ಮೇಲೆಯೇ ಗೆರೆ ಎಳೆದರು. "ಎತ್ತರ ಬೆಳದದ್ದು ಬೆನ್ನಾಗ, ಕಾಲಾಗಲ್ಲ. ಹಂಗಾದ್ರ ಪ್ಯಾಂಟಿನ ಉದ್ದ ಮುಟ್ಟೂದಿಲ್ಲ, ಶರ್ಟ್ ಉದ್ದ ಮಾಡ್ತೀನಿ. ತೊಡಿಗೆ ಹಿಡೀತೀನಿ, ಆದ್ರ ಒಳಗ ಬಟ್ಟಿ ಬಿಟ್ಟಿರ್ತೀನಿ. ವಾಪಸ್ ಬಂದ ಮ್ಯಾಲ ಬಿಚ್ಚಿ ಹಾಕ್ಕೋಬಹುದು." ಮೇಡಂ ಬಾಯಿಗೆ ಒಯ್ದ ಚಹಾ ಹಾಗೇ ಹಿಡಿದು ಕೂತಿದ್ದರು.

ಎರಡನೇ ಚೀಟಿ: "ಅಲ್ಲಿ ನಿಲ್ತೀರೋ, ಕೂಡ್ತೀರೋ?" ಉತ್ತರ: "ಎರಡೂ ಇಲ್ಲ. ತೇಲುವಾಗ ಮೈ ತಾನಾಗಿ ಮೊಣಕಾಲು ಮಡಚಿ ನಿಲ್ಲುತ್ತದೆ." ಅದನ್ನು ಕೇಳಿ ಕಾಕಾ ಎದ್ದುನಿಂತರು. ಮಗಳ ಮೊಣಕಾಲು ಸ್ವಲ್ಪ ಮಡಚಿಸಿ, ಹಿಂದೆ ಮುಂದೆ ಟೇಪು ಹಿಡಿದು ತೋರಿಸಿದರು. ಮುಂದಿನ ಅಳತೆ ಜಾಸ್ತಿ, ಹಿಂದಿನದು ಕಡಿಮೆ. "ನೆಟ್ಟಗ ಕತ್ತರಿಸಿದ್ರ ಹಿಂದ ಗುಂಪು ಕೂಡತದ, ಮುಂದ ಎಳೀತದ. ಮೊಣಕಾಲಿನ ಹಿಂದ ಬಟ್ಟಿ ಮಡಚಿ ಹೊಲೀಬೇಕು." ಹುಡುಗರಿಗೆ ತಡೆಯಲಾಗಲಿಲ್ಲ. ನೌಕೆ ಬಿಟ್ಟು ಮೇಲೆ ಓಡಿ ಬಂದು ಕಾಕಾನ ಪಕ್ಕ ಮಂಡಿಯೂರಿ ಗೆರೆ ನೋಡಿದರು.

ನೋಟ್‌ಬುಕ್ಕೂ ಶುರುವಾಗಿದೆ. ಮಗಳು ಮೊದಲ ಪುಟದಲ್ಲಿ ಬರೆದದ್ದು: "ಇವತ್ತು ಸುಳ್ಳು ಯಾರೂ ಹೇಳಲಿಲ್ಲ. ಮಿರ್ಚಿ ಉಳಿಯಲಿಲ್ಲ."

ಹೊರಡುವಾಗ ಕಾಕಾ ಕೇಳಿದರು, ಮಂಗಳದ ಮೇಲೆ ಇಳಿದ ಮೇಲೆ ನಮ್ಮ ತೂಕ ಎಷ್ಟಿರುತ್ತೆ ಅಂತ. ಇಲ್ಲಿಯ ನೂರಕ್ಕೆ 38ರಷ್ಟು ಅಂದೆವು. "ಹಂಗಾದ್ರ ಪ್ಯಾಂಟೂ ಹಗುರ ಆಗ್ತದ, ಲಾಡಿ ಕಟ್ಟಿದ್ರ ಸಾಕು" ಅಂತ ಹೇಳಿ ಚಪ್ಪಲಿ ಹಾಕಿಕೊಂಡರು. ಹುಡುಗರು ಅವರನ್ನು ಬೈಕ್ ಮೇಲೆ ಮನೆಗೆ ಬಿಟ್ಟು ಬಂದರು. ಬರುವ ಶನಿವಾರ ಹಳೆ ಬಟ್ಟೆಯಲ್ಲಿ ಆ ಪ್ಯಾಂಟನ್ನು ಹೊಲಿದು ತರುತ್ತಾರಂತೆ, ಮಗಳಿಗೆ ಟ್ರಯಲ್ ಇದೆ.