ಮನೆಯೊಳಗಿಟ್ಟ ಟ್ರೇಯಲ್ಲಿ ಸಸಿ ಮಲಗ್ತಿವೆ, ಗೊಬ್ಬರ ಹಾಕಬೇಕಾ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ): ಮೃಗಶಿರ ಮಳೆಗೆ ತಾರಸಿ ಕುಂಡಗಳಿಗೆ ನಾಟಿ ಮಾಡೋಣ ಅಂತ ಮೇ 8ಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜ ಟ್ರೇಗೆ ಹಾಕಿ ಪಡಸಾಲೆ ಕಿಟಕಿ ಪಕ್ಕ ಇಟ್ಟೀವಿ. ಟೊಮೆಟೊ ಐದನೇ ದಿನಕ್ಕೆ ಹುಟ್ಟಿತು, ಈಗ ದಾರದ ಹಂಗೆ ಉದ್ದ ಆಗಿ ಮಲಗ್ಯಾವೆ. ಬದನೆ ನಿನ್ನೆಯಿಂದ ಬುಡದಲ್ಲಿ ಕಂದಾಗಿ ಬೀಳ್ತಿದೆ. ಮೆಣಸಿನಕಾಯಿ 9 ದಿನ ಆದ್ರೂ ಎದ್ದಿಲ್ಲ. ಹೊಲದ ಎರೆಮಣ್ಣಿಗೆ ಅರ್ಧದಷ್ಟು ಸಗಣಿ ಗೊಬ್ಬರ ಕಲಸಿದ್ದು. ದಿನಕ್ಕೆ ಎರಡು ಸಲ ನೀರು. ಏನು ಗೊಬ್ಬರ ಕೊಡಬೇಕು ಸರ್?

ಉತ್ತರ (ತೋಟಗಾರಿಕೆ ತಾಂತ್ರಿಕರು): ಗೊಬ್ಬರ ಬೇಡ ಮೇಡಂ. ಈಗ ಕೊಟ್ಟರೆ ಟೊಮೆಟೊ ಇನ್ನಷ್ಟು ಉದ್ದ ಹೋಗುತ್ತೆ. ಮೂರು ಬೆಳೆಗೂ ಮೂರು ಬೇರೆ ಕಾರಣ ಇವೆ.

ಟೊಮೆಟೊಗೆ ಬೆಳಕು ಸಾಲದು. ನಮ್ಮ ಕಣ್ಣಿಗೆ ಕಿಟಕಿ ಪಕ್ಕ ಬೆಳಕು ಧಾರಾಳ ಅನ್ನಿಸುತ್ತೆ. ಗ್ರಿಲ್ಲು, ಪರದೆ, ಮೇಲಿನ ಸಜ್ಜಾ ಎಲ್ಲ ದಾಟಿ ಸಸಿಗೆ ಸಿಗೋದು ಬಯಲಿನ ಬೆಳಕಿನ ಸಣ್ಣ ಪಾಲು. ಮೊಳಕೆ ಕಾಣೋವರೆಗೆ ಟ್ರೇ ಮುಚ್ಚಿ ಕತ್ತಲಲ್ಲಿಡಬಹುದು. ನೂರರಲ್ಲಿ ಹತ್ತು ತಲೆ ಎತ್ತಿದ ದಿನವೇ ಹೊರಗೆ ತರಬೇಕು, ಉಳಿದವು ಹುಟ್ಟಲಿ ಅಂತ ಎರಡು ದಿನ ಕಾದರೆ ಮೊದಲು ಹುಟ್ಟಿದ್ದು ಹಾಳು. ಪೂರ್ವದ ಜಗಲಿಯಲ್ಲಿ ಬೆಳಗಿನ ಎರಡು ಮೂರು ತಾಸು ಬಿಸಿಲು ಬೀಳೋ ಜಾಗ ಉತ್ತಮ. ಜಾಗ ಇಲ್ಲದಿದ್ದರೆ 20 ವ್ಯಾಟ್ ಎಲ್‌ಇಡಿ ಟ್ಯೂಬನ್ನು ಸಸಿ ತಲೆಯ ಮೇಲೆ ಒಂದು ಗೇಣಿಗಿಂತ ಕಡಿಮೆ, 15 ಸೆಂ.ಮೀ. ಅಂತರದಲ್ಲಿ ಕಟ್ಟಿ ದಿನಕ್ಕೆ 14 ತಾಸು ಉರಿಸಿ. ಛಾವಣಿಯ ಟ್ಯೂಬ್‌ಲೈಟ್ ಲೆಕ್ಕಕ್ಕಿಲ್ಲ. ಮಲಗಿದ ಟೊಮೆಟೊ ಬುಡ ಗಟ್ಟಿ ಇದ್ದರೆ ಬೀಜದೆಲೆ ತನಕ ಮಣ್ಣಲ್ಲಿ ಇಳಿಸಿ ಬೇರೆ ಕಪ್ಪಿಗೆ ನೆಡಿ, ಕಾಂಡದಿಂದಲೇ ಬೇರು ಬಿಡುತ್ತೆ.

ಬದನೆಯದು ಸಸಿ ಕೊಳೆ ರೋಗ. ಪಿಥಿಯಂ ಅನ್ನೋ ಶಿಲೀಂಧ್ರದಂಥ ಜೀವಿ, ರೈಜೋಕ್ಟೋನಿಯಾ ಅನ್ನೋ ಶಿಲೀಂಧ್ರ ಮಣ್ಣಿನ ಮಟ್ಟದಲ್ಲೇ ಕಾಂಡ ಕೊಳೆಸುತ್ತವೆ. ಎರೆಮಣ್ಣು ನೀರು ಹಿಡಿದಿಡುತ್ತೆ, ಸಗಣಿ ಪೂರ್ತಿ ಕಳಿತಿಲ್ಲದಿದ್ದರೆ ಅದೂ ಸೇರುತ್ತೆ, ಮೇಲೆ ನೀವು ಎರಡು ಹೊತ್ತು ನೀರು! ಬಿದ್ದವನ್ನು ಸುತ್ತಲಿನ ಮಣ್ಣು ಸಮೇತ ತೆಗೆದು ಹಾಕಿ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಔಷಧ) ಕಲಸಿ ಉಳಿದವುಗಳ ಬುಡ ನೆನೆಸಿ, ಆಮೇಲೆ ಮೇಲ್ಮಣ್ಣು ಒಣಗೋ ತನಕ ನೀರು ಮುಟ್ಟಿಸಬೇಡಿ.

ಮೆಣಸಿನಕಾಯಿಗೆ ಏನೂ ಆಗಿಲ್ಲ, 8ರಿಂದ 12 ದಿನ ಬೇಕೇ ಬೇಕು. ಕೆದಕಿ ನೋಡಬೇಡಿ.

ಪ್ರಶ್ನೆ ಕೇಳಿದವರು: ಹಂಗಾದ್ರೆ ಮಣ್ಣು ಯಾವುದು ಹಾಕಬೇಕ್ರಿ?

ಉತ್ತರ (ಸಸಿ ನರ್ಸರಿ ನಡೆಸುವವರು): ಟ್ರೇಗೆ ಮಣ್ಣೇ ಬೇಡ್ರಿ ಅಕ್ಕಾ. ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು. ನಮ್ಮ ಕಡೆ ಅಕ್ಕಿ ಗಿರಣಿಗೇನು ಬರ, ಕಪ್ಪಾಗಿ ಸುಟ್ಟ ಹೊಟ್ಟು ಸಿಕ್ಕರೆ ಅರ್ಧ ಪಾಲು ಸೇರಿಸಿ, ಗಾಳಿಯಾಡುತ್ತೆ. ಬೆಳ್ಳಗಾದ ಬೂದಿ ಮಾತ್ರ ಬೇಡ, ಅದು ಕ್ಷಾರ. ಕೊಕೊಪಿಟ್ ಇಟ್ಟಿಗೆಯನ್ನು ನೆನೆಸಿ ಎರಡು ಮೂರು ಸಲ ನೀರು ಬದಲಿಸಿ ಹಿಂಡಿ, ಉಪ್ಪು ಹೋಗಬೇಕು. ಬೋರ್ ನೀರು ಗಡುಸಾಗಿದ್ದು ಕೊಡದಲ್ಲಿ ಬಿಳಿ ಪದರ ಕಟ್ಟೋ ಮನೆಯವರು ಕೊನೆ ಸಲವಾದರೂ ನಲ್ಲಿ ನೀರು ಬಳಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ಹೆಚ್ಚಾಯ್ತು. 98 ಗುಳಿಯ ಟ್ರೇಗೆ ಹಸಿ ಕೊಕೊಪಿಟ್ ಸುಮಾರು 1.2 ಕೆ.ಜಿ. ಹಿಡಿಯುತ್ತೆ. ಬೀಜ ಅರ್ಧ ಸೆಂ.ಮೀ. ಆಳ, ಗುಳಿಗೊಂದು. ಕೆ.ಜಿ. ಮಿಶ್ರಣಕ್ಕೆ 10 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯೋ ಒಳ್ಳೆ ಶಿಲೀಂಧ್ರ) ಕಲಸಿಟ್ಟರೆ ಕೊಳೆ ರೋಗ ಬಹಳ ಕಡಿಮೆ.

ತೋಟಗಾರಿಕೆ ತಾಂತ್ರಿಕರು: ಒಂದು ತಿದ್ದುಪಡಿ. ಟ್ರೈಕೋಡರ್ಮಾ ಹಾಕಿದ ಟ್ರೇಗೆ ನಾನು ಮೇಲೆ ಹೇಳಿದ ತಾಮ್ರದ ಔಷಧ ಬೇಡ, ಕಾರ್ಬೆಂಡಜಿಂ ಅನ್ನೋ ಶಿಲೀಂಧ್ರನಾಶಕ ಅಂತೂ ಬೇಡವೇ ಬೇಡ. ಟ್ರೈಕೋಡರ್ಮಾನೂ ಶಿಲೀಂಧ್ರವೇ, ಸತ್ತು ಹೋಗುತ್ತೆ. ತಾಮ್ರ ಈಗಿನ ಎರೆಮಣ್ಣಿನ ಟ್ರೇಗೆ, ಟ್ರೈಕೋಡರ್ಮಾ ಹೊಸ ಟ್ರೇಗೆ.

ಇನ್ನೊಬ್ಬ ಸದಸ್ಯರು (ಹಿರಿಯೂರು): ನಮ್ಮೂರಿನಲ್ಲಿ ಚಳಿ ಇಲ್ಲ, ಮನೆಯೊಳಗೆ ಯಾಕೆ? ನೇರ ತಾರಸಿ ಮೇಲೆ ಇಟ್ಟರೆ ಆಗಲ್ವಾ?

ನರ್ಸರಿಯವರು: ಜೂನ್ ಆದ ಮೇಲೆ ಆಗುತ್ತೆ ಅಣ್ಣಾ. ಮೇ ತಿಂಗಳಲ್ಲಿ ತಾರಸಿ ಕಾದು ಮಿಶ್ರಣ 35 ಡಿಗ್ರಿ ದಾಟಿದರೆ ಟೊಮೆಟೊ ಮೊಳಕೆ ಕುಸಿಯುತ್ತೆ, ಆ ಸಣ್ಣ ಗುಳಿ ಮಧ್ಯಾಹ್ನದೊಳಗೆ ಒಣಗಿ ಹೋಗುತ್ತೆ. ಮೊಳಕೆ ಮಾತ್ರ ನೆರಳಲ್ಲಿ. ಹೊರಗಿಟ್ಟ ಮೇಲೆ 40ರಿಂದ 50 ಮೆಷ್ (ಇಂಚಿಗೆ ಅಷ್ಟು ಕಣ್ಣಿನ) ನೈಲಾನ್ ಪರದೆ ಹೊದಿಸಲೇಬೇಕು. ಟೊಮೆಟೊ ಎಲೆ ಮುದುರು ರೋಗ ತರೋದು ಬಿಳಿ ನೊಣ, ಎಳೆ ಸಸಿಗೆ ತಗುಲಿದರೆ ಕಾಯಿ ಕಾಣೋದು ಕಷ್ಟ.

ಪ್ರಶ್ನೆ ಕೇಳಿದವರು: ಈಗ ಮತ್ತೆ ಬೀಜ ಹಾಕಿದರೆ ಮೃಗಶಿರಕ್ಕೆ ಸಿಗುತ್ತಾ?

ತೋಟಗಾರಿಕೆ ತಾಂತ್ರಿಕರು: ಟೊಮೆಟೊ 25 ದಿನಕ್ಕೆ ನಾಟಿಗೆ ಬರುತ್ತೆ, ಹಾಗಾಗಿ ಸಿಗುತ್ತೆ. ಬದನೆ 30-35 ದಿನ, ಮೆಣಸಿನಕಾಯಿ 40ರ ಹತ್ತಿರ, ಅವು ಆರಿದ್ರ ಮಳೆಗೇ. ಎರಡು ನಿಜವಾದ ಎಲೆ ಬಂದ ಮೇಲೆ ಲೀಟರಿಗೆ 1 ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿನದು) ವಾರಕ್ಕೊಮ್ಮೆ ಸಾಕು. ನಾಟಿಗೆ ಒಂದು ವಾರ ಮುಂಚೆ ನೀರು ಕಡಿಮೆ ಮಾಡಿ, ಮೊದಲ ದಿನ ಒಂದು ತಾಸು ತಾರಸಿಯ ಬಯಲು ಬಿಸಿಲು, ಆಮೇಲೆ ದಿನಕ್ಕೊಂದು ತಾಸು ಜಾಸ್ತಿ. ಹೀಗೆ ಮಾಡದಿದ್ದರೆ ನಾಟಿಯ ಮೊದಲ ದಿನದ ಬಿಸಿಲಿಗೇ ಎಲೆ ಬೆಳ್ಳಗೆ ಸುಡುತ್ತೆ. ಮೂಲಂಗಿ, ಕ್ಯಾರೆಟ್, ಕೊತ್ತಂಬರಿ ಟ್ರೇಗೆ ಹಾಕಬೇಡಿ, ಕುಂಡಕ್ಕೇ ಬಿತ್ತಿ. ನಾಟಿ ಸಂಜೆ ನಾಲ್ಕರ ಮೇಲೆ ಮಾಡಿ, ಅದಕ್ಕೆ ಒಂದು ತಾಸು ಮುಂಚೆ ಟ್ರೇಗೆ ನೀರು ಕೊಟ್ಟಿರಬೇಕು, ಇಲ್ಲದಿದ್ದರೆ ಬೇರಿನ ಉಂಡೆ ಒಡೆದು ಬರುತ್ತೆ.